ಕೊಪ್ಪಳ ಜಿಲ್ಲೆಯನ್ನು ಅನುಲಕ್ಷಿಸಿ

ನಮ್ಮ ಕಡೆ ವಾಣಿಜ್ಯಶಾಸ್ತ್ರದಲ್ಲಿ ಪಿಎಚ್‌ಡಿ ವಿಷಯಕ್ಕೆ ಬರವಿಲ್ಲ. ಹಳೆಯ ಪ್ರಬಂಧದ ರಟ್ಟಿನ ಮೇಲೆ 'ರಾಯಚೂರು' ಇದ್ದಲ್ಲಿ 'ಕೊಪ್ಪಳ' ಎಂದು ಬರೆದರೆ ಸಾಕು, ಯಾರೂ ಅಧ್ಯಯನ ಮಾಡದೆ ಬಿಟ್ಟ ಜಾಗ, ಅಂದರೆ 'ಸಂಶೋಧನಾ ಅಂತರ', ತಾನೇ ಬಾಯ್ತೆರೆಯುತ್ತದೆ. ಬಳ್ಳಾರಿಯನ್ನು ನೆಚ್ಚಿಕೊಂಡವರು ಮಾತ್ರ ಕೆಟ್ಟರು. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ, ಹೊಸಪೇಟೆ, ಕೂಡ್ಲಿಗಿ, ಹಡಗಲಿಯಲ್ಲಿ ಬಿಸಿಲಲ್ಲಿ ಅಲೆದು ತುಂಬಿಸಿದ ಪ್ರಶ್ನಾವಳಿಗಳೆಲ್ಲ ಪರಜಿಲ್ಲೆಯ ಪಾಲಾದವು. ಶೀರ್ಷಿಕೆಗೆ 'ಅವಿಭಜಿತ' ಸೇರಿಸಲು ಅರ್ಜಿ ಬೇಕು, ಅರ್ಜಿಗೆ ಗೈಡ್ ಸಹಿ ಬೇಕು, ಸಹಿಗೆ ಗೈಡ್ ಊರಲ್ಲಿರಬೇಕು.

ಮಾದರಿ ಗಾತ್ರ, ಅಂದರೆ ಪ್ರಶ್ನಾವಳಿ ತುಂಬಿಸಬೇಕಾದವರ ಸಂಖ್ಯೆ, 384. ಲಕ್ಷಗಟ್ಟಲೆ ಜನರಿದ್ದಲ್ಲಿ, ಶೇ 95 ವಿಶ್ವಾಸಮಟ್ಟ ಮತ್ತು ಶೇ 5 ದೋಷದ ಮಿತಿ ಇಟ್ಟರೆ ಸೂತ್ರದಿಂದ ಬರುವ ಸಂಖ್ಯೆ ಅದು. ತಾಲ್ಲೂಕಿನಲ್ಲಿ ಅಷ್ಟು ರೈಸ್ ಮಿಲ್ಲುಗಳೇ ಇಲ್ಲದಿದ್ದರೂ 384 ಬಿಡುವಂತಿಲ್ಲ. ಹಿಂದಿನ ಪ್ರಬಂಧದಲ್ಲೂ ಅಷ್ಟೇ ಇತ್ತಲ್ಲ! ಒಪ್ಪಿಗೆಯನ್ನು 1ರಿಂದ 5ರವರೆಗಿನ ಅಂಕಿಯಲ್ಲಿ ಅಳೆಯುವ ಐದು ಹಂತದ ಲೈಕರ್ಟ್ ಮಾಪಕ ಹಿಡಿದು ಕಾರಟಗಿಯ ಮಿಲ್ಲಿಗೆ ಹೋದರೆ, ಸಾವ್ಕಾರರು ತೂಕದ ಚೀಟಿಯಿಂದ ಕಣ್ಣೆತ್ತದೆ, 'ಎಲ್ಲಾದ್ಕೂ ಮೂರ್ ಹಾಕ್ಕೋರಿ ಸರ, ಲಾರಿ ನಿಂತಾವ' ಎನ್ನುತ್ತಾರೆ. ಎಲ್ಲರೂ ಮೂರೇ ಆದರೆ ಉತ್ತರಗಳಲ್ಲಿ ವ್ಯತ್ಯಾಸವಿಲ್ಲ, ಪ್ರಶ್ನೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಅಳೆಯುವ ಕ್ರೋನ್‌ಬಾಕ್ ಆಲ್ಫಾ ಲೆಕ್ಕಕ್ಕೇ ಸಿಗದು. ಆಗ ರೂಮಿನಲ್ಲಿ ಕುಳಿತು ತಿದ್ದುವ ಕಾಯಕ. ಇಲ್ಲೂ ಕಸುಬು ಗೊತ್ತಿರಬೇಕು: 2, 4 ಎಂದು ಸಿಕ್ಕಸಿಕ್ಕಲ್ಲಿ ಚೆಲ್ಲಿದರೆ ಆಲ್ಫಾ ನೆಲ ಕಚ್ಚುತ್ತದೆ. ಒಬ್ಬರ ಸಾಲಿಗೆ ಬಹುಪಾಲು ನಾಲ್ಕು, ಇನ್ನೊಬ್ಬರದಕ್ಕೆ ಬಹುಪಾಲು ಎರಡು ಹಾಕಿದರೆ ಆಲ್ಫಾ ಒಪ್ಪಿತ ಗಡಿಯಾದ 0.7 ದಾಟಿ, ಸಾವ್ಕಾರರು ಆಡದ ಮಾತು ವಿಶ್ವಾಸಾರ್ಹವಾಗುತ್ತದೆ.

ಕೃತಿಚೌರ್ಯದ ತಪಾಸಣೆಗೆ ಅಂಜುವ ಅಗತ್ಯವಿಲ್ಲ. 2018ರ ಯುಜಿಸಿ ನಿಯಮದಂತೆ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಕನ್ನಡದಲ್ಲಿ ಬರೆದವರ ಪುಣ್ಯ ಇನ್ನೂ ದೊಡ್ಡದು. ಯೂನಿಕೋಡ್ ಅಲ್ಲದ ಹಳೆಯ 'ನುಡಿ' ಫಾಂಟಿನಲ್ಲಿದ್ದ ಕಡತವನ್ನು ತಪಾಸಣೆಯ ತಂತ್ರಾಂಶ ಬರೀ ಲ್ಯಾಟಿನ್ ಚಿಹ್ನೆಗಳ ರಾಶಿ ಎಂದೇ ಓದುತ್ತದೆ. ಅದೇ ಪ್ರಬಂಧ ಪಕ್ಕದ ಕಪಾಟಿನಲ್ಲಿ ಯೂನಿಕೋಡ್‌ನಲ್ಲಿ ಕುಳಿತಿದ್ದರೂ ಎರಡಕ್ಕೂ ಪರಿಚಯವೇ ಇಲ್ಲ!

ಹೀಗೆ ಆರು ವರ್ಷ ಕಳೆಯಬಹುದು. 2022ರ ನಿಯಮದಲ್ಲಿ ಮರುನೋಂದಣಿಗೆ ಇನ್ನೆರಡು ವರ್ಷವಿದೆ, ಮಹಿಳೆಯರಿಗೆ ಅದರ ಮೇಲೂ ಎರಡು. ಅಷ್ಟರಲ್ಲಿ ಯುಜಿಸಿ, 2023ರ ಜುಲೈ 1ರಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್‌ಡಿ ಕಡ್ಡಾಯವಲ್ಲ, ರಾಷ್ಟ್ರ ಮಟ್ಟದ ಅರ್ಹತಾ ಪರೀಕ್ಷೆ ನೆಟ್ ಅಥವಾ ರಾಜ್ಯ ಮಟ್ಟದ ಸೆಟ್ ಸಾಕು ಎಂದಿತು. ಐದನೇ ವರ್ಷದಲ್ಲಿರುವ ಸಂಶೋಧಕರು ಈಗ ಅಧ್ಯಾಯಗಳನ್ನು ಬದಿಗಿಟ್ಟು ಕರ್ನಾಟಕದ ಸೆಟ್ ಆದ ಕೆ-ಸೆಟ್ ಪುಸ್ತಕ ಕೊಂಡಿದ್ದಾರೆ. ಮೊದಲ ಪತ್ರಿಕೆಯಲ್ಲಿ 'ಸಂಶೋಧನಾ ಅಭಿರುಚಿ' ಎಂಬ ಘಟಕವೊಂದಿದೆ, ಅದೊಂದೇ ಕೈಕೊಡುತ್ತಿದೆಯಂತೆ.