ವಾಷಿಂಗ್ ಮಷಿನ್ ದಿಕ್ಕಿನ ಸುಶಿ

ಟೋಕಿಯೊಗೆ ಬಂದಿಳಿದ ದಿನವೇ ನಮ್ಮಮ್ಮ ಷರತ್ತು ಹಾಕಿದಳು: "ಹಸಿ ಮೀನು ಈ ಮನೆಯೊಳಗೆ ಬರಕೂಡದು." ಸುಶಿ ಅಂದರೆ ಹಸಿ ಮೀನಲ್ಲ ಕಣಮ್ಮ, ವಿನೆಗರ್ ಕಲಸಿದ ಹುಳಿ ಅನ್ನ, ಬರೀ ಮೀನಿನ ಹೋಳಿಗೆ ಸಾಶಿಮಿ ಅಂತಾರೆ ಎಂದು ಬಿಡಿಸಿ ಹೇಳಿದೆ. ಸ್ವಲ್ಪ ಯೋಚಿಸಿ, "ಹಾಗಾದ್ರೆ ಪುಳಿಯೋಗರೆ ಕಡೆ ನೆಂಟರು ಅನ್ನು" ಎಂದಳು. ಒಪ್ಪಿಗೆ ಸಿಕ್ಕಿತು.

ಸುಶಿಯ ಹುಚ್ಚು ಹತ್ತಿದ್ದು ಸೆತ್ಸುಬುನ್‌ನಿಂದ. ಜಪಾನಿಯರ ಲೆಕ್ಕದಲ್ಲಿ ಅದು ವಸಂತದ ಹಿಂದಿನ ದಿನ. ಸಾಮಾನ್ಯವಾಗಿ ಫೆಬ್ರವರಿ 3, ಆದರೆ 2025ರಲ್ಲಿ 2ಕ್ಕೇ ಬಂತು, ಅದೂ ಭಾನುವಾರ. ಅವತ್ತು ಎಹೋಮಾಕಿ ಅನ್ನುವ ದಪ್ಪ ಸುಶಿ ಸುರುಳಿಯನ್ನು ಕೊಯ್ಯದೆ ಇಡಿಯಾಗಿ ಹಿಡಿದು, ಆ ವರ್ಷದ ಅದೃಷ್ಟದ ದಿಕ್ಕಿಗೆ ತಿರುಗಿ, ಮುಗಿಯುವ ತನಕ ಮಾತಾಡದೆ ತಿನ್ನಬೇಕು. ಮಾತಾಡದೆ! ನಮ್ಮ ಮನೆಯಲ್ಲಿ!

ನಾವಿರುವುದು ನಿಶಿ-ಕಸಾಯ್‌ನಲ್ಲಿ. ಭಾರತೀಯರು ಜಾಸ್ತಿ ಇರುವ ಜಾಗ, ಸೋನಾ ಮಸೂರಿ ಸಲೀಸಾಗಿ ಸಿಗುತ್ತದೆ. ಮನೆಯಲ್ಲಿ ಮೂಟೆ ಇರುವಾಗ ಜಪಾನಿ ಅಕ್ಕಿ ಯಾಕೆ ಅಂತ ಅದರಲ್ಲೇ ಅನ್ನ ಮಾಡಿದೆ. ಮಲ್ಲಿಗೆ ಹೂವಿನ ಹಾಗೆ ಉದುರುದುರಾಗಿ ಬಂತು. ಅಂಥ ಅನ್ನ ನೋಡಿ ಅಳು ಬಂದಿದ್ದು ಅದೇ ಮೊದಲು. ಬಿದಿರು ಚಾಪೆಯ ಮೇಲೆ ನೋರಿ, ಅಂದರೆ ಒಣಗಿಸಿದ ಕಡಲಪಾಚಿಯ ಹಾಳೆ ಹಾಸಿ, ಅನ್ನ ಹರಡಿ ಸುತ್ತಿದೆ. ಎತ್ತಿದ ಕೂಡಲೇ ಕೆಳಗಿನಿಂದ ಅಕ್ಷತೆ ಸುರಿಯಿತು.

ಎರಡನೇ ಸಲ ಜಪಾನಿನದೇ ಅಂಟುವ ಗುಂಡು ಅಕ್ಕಿ. ಬಿಸಿ ಅನ್ನಕ್ಕೆ ವಿನೆಗರ್ ಬೆರೆಸುವಾಗ ಪಕ್ಕದಲ್ಲಿ ಒಬ್ಬರು ಗಾಳಿ ಬೀಸಬೇಕು, ಆಗ ತೇವ ಆರಿ ಅನ್ನಕ್ಕೆ ಹೊಳಪು ಬರುತ್ತದೆ. ಅಮ್ಮ ಕ್ಯಾಲೆಂಡರ್ ಹಿಡಿದು ಹತ್ತು ನಿಮಿಷ ಬೀಸಿದಳು. "ದೇವರಿಗೂ ಇಷ್ಟು ಹೊತ್ತು ಚಾಮರ ಬೀಸಿಲ್ಲ ಕಣೇ." ಆಮೇಲೆ ರುಚಿ ನೋಡಿದೆವು. ನಾನು ತಂದದ್ದು ಸುಶಿಗೆಂದೇ ಮಾಡಿದ ವಿನೆಗರ್. ಅದರಲ್ಲಿ ಸಕ್ಕರೆ, ಉಪ್ಪು ಮೊದಲೇ ಇರುತ್ತದೆ. ಬಾಟಲಿ ಓದುವಷ್ಟು ಜಪಾನಿ ಬಾರದ ನಾನು ಎರಡನ್ನೂ ಇನ್ನೊಂದು ಸಲ ಧಾರಾಳವಾಗಿ ಹಾಕಿದ್ದೆ. ಉಪ್ಪಿನಕಾಯಿ ಜಾಡಿಗೆ ಬಿದ್ದ ಸಿಹಿ ಪೊಂಗಲ್ ಹಾಗಿತ್ತು.

ಮೂರನೇ ಸಲ ಅನ್ನ ಸರಿಯಾಯಿತು. ಇನ್ನು ಹೂರಣ. ಏಳು ಅದೃಷ್ಟ ದೇವತೆಗಳ ಹೆಸರಲ್ಲಿ ಏಳು ಬಗೆ ಇರಬೇಕಂತೆ. ಜಪಾನಿಯರು ಮೊಟ್ಟೆ, ಹಾವುಮೀನು ಎಲ್ಲ ಇಡುತ್ತಾರೆ. ನಾವು ಸೌತೆ, ಕ್ಯಾರೆಟ್, ಬೀನ್ಸ್, ಅಣಬೆ, ತೋಫು, ಅವಕಾಡೊ ಇಟ್ಟೆವು. ಏಳನೆಯದಕ್ಕೆ ಅಮ್ಮ ಊರಿಂದ ತಂದ ಮಾವಿನ ಮಿಡಿ. ನೋರಿ ಹಾಳೆ ಇರುವುದೇ 21 ಸೆಂ.ಮೀ. ಉದ್ದ, 19 ಅಗಲ. ಎಷ್ಟು ಎಳೆದರೂ ಅಂಚುಗಳು ಕೂಡಲಿಲ್ಲ. ಮದುವೆ ರವಿಕೆಗೆ ಈಗ ಹುಕ್ಕು ಹಾಕಲು ಹೋದ ಹಾಗೆ. ಕೊನೆಗೆ ಇನ್ನೊಂದು ಹಾಳೆ ತೇಪೆ ಹಾಕಿದೆ. ಸುರುಳಿ ಲಟ್ಟಣಿಗೆಗಿಂತ ದಪ್ಪವಾಯಿತು.

2025ರ ಅದೃಷ್ಟದ ದಿಕ್ಕು ಪಶ್ಚಿಮಕ್ಕೂ ನೈಋತ್ಯಕ್ಕೂ ನಡುವೆ. "ನಿಋತಿ ಕಡೆ ಮುಖ ಮಾಡಿ ಊಟನಾ?" ಅಮ್ಮ ಹೌಹಾರಿದಳು. ನಮ್ಮ ಯಜಮಾನರು ಫೋನಿನ ದಿಕ್ಸೂಚಿ ಹಿಡಿದು ಮನೆಯಿಡೀ ತಿರುಗಿ, ಕೊನೆಗೆ ಒಂದು ಕಡೆ ಬೆರಳು ತೋರಿಸಿ, "ಅತ್ತೆ, ಹೆದರಬೇಡಿ, ಆ ಕಡೆ ವಾಷಿಂಗ್ ಮಷಿನ್ ಬಿಟ್ಟರೆ ಯಾರೂ ಇಲ್ಲ" ಎಂದರು.

ಮೂವರೂ ಸಾಲಾಗಿ ವಾಷಿಂಗ್ ಮಷಿನ್ ಎದುರು ನಿಂತು ಬಾಯಿಗಿಟ್ಟೆವು. ನೋರಿ ಅಷ್ಟರಲ್ಲಿ ತೇವ ಎಳೆದುಕೊಂಡು ರಬ್ಬರ್ ಆಗಿತ್ತು. ಕಚ್ಚಿ ಎಳೆದೆ. ಹಾಳೆ ಹರಿಯಲಿಲ್ಲ, ಹಿಂದಿನ ತುದಿಯಿಂದ ತೋಫು ಜಾರಿ ಯಜಮಾನರ ಪಾದದ ಮೇಲೆ ಬಿತ್ತು. "ಅಯ್ಯೋ" ಎಂದೆ. ಅವರು "ಶ್, ಮಾತಾಡಬೇಡ!" ಎಂದರು. ಇಬ್ಬರ ಅದೃಷ್ಟವೂ ಅಲ್ಲಿಗೆ ಮುಗಿಯಿತು.

ಅಮ್ಮ ಮಾತ್ರ ಕಣ್ಣು ಮುಚ್ಚಿ, ತುಟಿ ಪಿಟಕ್ಕೆನ್ನದೆ, ಮಿಡಿಯ ಓಟೆ ಸಮೇತ ಕೊನೆಯ ತುತ್ತಿನವರೆಗೂ ಅಗಿದಳು. ಕೈ ತೊಳೆದು ಬಂದು ಹೇಳಿದಳು: "ಇನ್ನೊಂದು ಸುತ್ತಿಕೊಡು. ಪೂರ್ವಕ್ಕೆ ಕೂತು, ಮಾತಾಡಿಕೊಂಡು ತಿಂತೀನಿ."