ಬ್ರೌನ್ ಗೆರೆ ಪುರಾಣ

ಎಸ್ಸೆಸ್ಸೆಲ್ಸಿಲಿ ನಾನು ಬರೆದ ಭಾರತದ ನಕ್ಷೆಲಿ ಗುಜರಾತು ಆನೆಕಿವಿ ಥರ ಇತ್ತು, ಕರ್ಕಾಟಕ ಸಂಕ್ರಾಂತಿ ವೃತ್ತ ಭೋಪಾಲ್ ಹತ್ರ ಹೋಗೋದು ಬಿಟ್ಟು ಹೈದರಾಬಾದ್ ಮೇಲೆ ಹಾದುಹೋಗಿತ್ತು, ಆದ್ರೂ ಪುಣ್ಯಾತ್ಮರು ಮೂರು ಮಾರ್ಕ್ಸ್ ಕೊಟ್ಟಿದ್ರು. ಆ ಮೂರು ಮಾರ್ಕ್ಸ್ ಧೈರ್ಯದ ಮೇಲೆ ಹೋದ ಏಪ್ರಿಲ್‌ನಲ್ಲಿ ಕೊಪ್ಪದ ಕಡೆ ಅಕ್ಕನ ಮನೆಗೆ ಹೋದಾಗ ಅವಳ ಮಗನಿಗೆ ಮ್ಯಾಪ್ ಓದೋದು ಕಲಿಸ್ತೀನಿ ಅಂತ ಹೊರಟೆ.

ಅವನ ಹತ್ರ ಒಂದು ಟೋಪೋಶೀಟ್ (ಗುಡ್ಡ, ಹಳ್ಳ, ದಾರಿ ಎಲ್ಲ ತೋರಿಸೋ ಮ್ಯಾಪ್) ಇತ್ತು, ಸ್ಕೇಲ್ 1:50,000, ಅಂದ್ರೆ 2 ಸೆಂಟಿಮೀಟರ್‌ಗೆ 1 ಕಿಲೋಮೀಟರ್. ಗುಡ್ಡದ ಮೇಲಿನ ದೇವಸ್ಥಾನಕ್ಕೆ ಪಟ್ಟಿ ಇಟ್ಟು ಅಳೆದೆ, 3 ಸೆಂಟಿಮೀಟರ್. "ಒಂದೂವರೆ ಕಿಲೋಮೀಟರ್ ಕಣೋ, ತಿಂಡಿ ಕರಗೋದ್ರೊಳಗೆ ವಾಪಸ್."

"ಮಾವ, ಈ ಬ್ರೌನ್ ಗೆರೆಗಳು?"

"ಕಾಲುದಾರಿ. ನೋಡು ಎಷ್ಟೊಂದಿದೆ, ಎಲ್ಲಿಂದ ಬೇಕಾದ್ರೂ ಹತ್ತಬಹುದು."

ಅಕ್ಕ ಒಳಗಿಂದ "ಇವನಿಗೆ ಬಸ್ ಸ್ಟ್ಯಾಂಡಿಂದ ನಮ್ಮನೇನೇ ಸಿಗಲ್ಲ" ಅಂದ್ಲು. ಕಿವಿಗೆ ಹಾಕ್ಕೊಳ್ಳಲಿಲ್ಲ, ಒಂದೇ ಬಾಟ್ಲಿ ನೀರು ತಗೊಂಡು ಹೊರಟ್ವಿ, ಖಾಲಿಯಾದ್ರೆ ಮಧ್ಯ ಹಳ್ಳ ಇದ್ಯಲ್ಲ ಅಂತ.

ಅರ್ಧ ಗಂಟೆಗೆ ನಾನು ಒಂದು ನೇರಳೆ ಮರ ತಬ್ಕೊಂಡು ನಿಂತಿದ್ದೆ, ಅಂಗಿ ಬೆನ್ನಿಗೆ ಅಂಟಿತ್ತು, ಹುಡುಗ ಮಾತ್ರ ಬಂಡೆ ಮೇಲೆ ಮ್ಯಾಪ್ ಹರಡಿ ಬೆರಳಿಟ್ಟು ಎಣಿಸ್ತಿದ್ದ. "ಹದಿನೈದು ಗೆರೆ ಇದೆ ಮಾವ. ಇವು ಕಾಂಟೂರ್ ಅಂತ, ಒಂದೊಂದು ಗೆರೆಗೂ 20 ಮೀಟರ್ ಎತ್ತರ, ಅಲ್ಲಿಗೆ 300 ಮೀಟರ್. ಗೆರೆ ಒತ್ತೊತ್ತಾಗಿದ್ರೆ ಕಡಿದಾದ ಜಾಗ." ಗೆರೆಗಳು ಎಷ್ಟು ಒತ್ತಾಗಿದ್ವು ಅಂದ್ರೆ ಶ್ಯಾವಿಗೆ ಚೆಲ್ಲಿದ ಹಾಗೆ. ಗೊತ್ತಿದ್ದೂ ಕೆಳಗೇ ಯಾಕೆ ಹೇಳ್ಲಿಲ್ವೋ ಅಂದ್ರೆ, "ನೀವು ಕಲಿಸ್ತೀನಿ ಅಂದ್ರಲ್ಲ."

ಹಳ್ಳಕ್ಕೆ ಹೋದ್ರೆ ಬರೀ ಕಲ್ಲು. ನೀರಿರೋ ಹಳ್ಳಕ್ಕೆ ನೀಲಿ ಬಣ್ಣ, ಒಣಗೋ ಹಳ್ಳಕ್ಕೆ ಕಪ್ಪು ಬಣ್ಣ ಅನ್ನೋದು ಅವತ್ತು, ನಾಲಿಗೆ ಒಣಗಿದ ಮೇಲೆ, ಗೊತ್ತಾಯ್ತು.

ಅಂತೂ ತೆವಳ್ಕೊಂಡು ಮೇಲೆ ಮುಟ್ಟಿದ್ರೆ ದೇವಸ್ಥಾನದ ಕಟ್ಟೆ ಮೇಲೆ ಇಸ್ತ್ರಿ ಪಂಚೆ ಉಟ್ಟ ಒಬ್ಬ ಅಜ್ಜ ಆರಾಮಾಗಿ ಎಲೆಅಡಿಕೆ ಹಾಕ್ತಾ ಕೂತಿದ್ರು.

"ಎಂಥ ಮಾರಾಯ್ರೆ, ಈ ಬದಿಯಿಂದ ಹತ್ತಿದ್ರಾ? ಆಚೆ ಬದಿ ಜೀಪ್ ರೋಡ್ ಉಂಟಲ್ಲ!"

ಹುಡುಗ ಮಾತಾಡದೆ ಮ್ಯಾಪ್ ಪೂರ್ತಿ ಬಿಚ್ಚಿದ. ಕೆಂಪು ಗೆರೆ, ದೇವಸ್ಥಾನದ ಬಾಗಿಲ ತನಕ. ನಾನು ಮಡಚಿ ಹಿಂದಕ್ಕೆ ಹಾಕಿದ್ದ ಭಾಗದಲ್ಲೇ ಇತ್ತು.