ಪುಸ್ತಕದಲ್ಲಿ ಹೀಗಿಲ್ಲ

ನಮ್ಮ ಮನೆಯ ಟಿವಿ ಪಕ್ಕದಲ್ಲಿ ಒಂದು ಹಳೆಯ ಹಾರ್ಲಿಕ್ಸ್ ಬಾಟಲಿ ಇದೆ. ಅದರ ಮುಚ್ಚಳಕ್ಕೆ ಸೀಳು ಕೊರೆದು ಹುಂಡಿ ಮಾಡಿದವಳು ನನ್ನ ಮಗಳು. ಸಿನಿಮಾ ನೋಡುವಾಗ ನಾನು ‘ಪುಸ್ತಕದಲ್ಲಿ ಹೀಗಿಲ್ಲ’ ಎಂದರೆ ಅದಕ್ಕೆ ಐದು ರೂಪಾಯಿ ಹಾಕಬೇಕು. ಮೊದಮೊದಲು ಕಾನೂನಿನ ಕಣ್ಣು ತಪ್ಪಿಸಿ ‘ಮೂಲದಲ್ಲಿ ಬೇರೆ ಇದೆ’ ಎಂದೂ ‘ಕಾಮಿಕ್ಸಿನಲ್ಲಿ ಈತ ಇಷ್ಟು ಮಾತಾಡುವುದಿಲ್ಲ’ ಎಂದೂ ಗೊಣಗಿ ನೋಡಿದೆ. ಒಂದೇ ವಾರದಲ್ಲಿ ತಿದ್ದುಪಡಿ ಬಂತು. ನಿಟ್ಟುಸಿರಿಗೂ ಎರಡು ರೂಪಾಯಿ ವಿಧಿಸಬೇಕೆಂದು ಮಗಳು ಪಟ್ಟು ಹಿಡಿದಾಗ ಬೇಡವೆಂದವಳು ಹೆಂಡತಿ. ನಿಟ್ಟುಸಿರು ಬಿಟ್ಟಿದ್ದು ಸಿನಿಮಾ ಕಂಡೋ ಸಂಸಾರ ಕಂಡೋ ಎಂದು ರುಜುವಾತು ಮಾಡುವುದು ಕಷ್ಟವಂತೆ.

ಈ ರೋಗ ನನಗೆ ಅಂಟಿದ್ದು ‘ಚಂದಮಾಮ’ದಿಂದ. ಚಿಂತಾಮಣಿಯ ನಮ್ಮ ಮನೆಯ ಅಟ್ಟದಲ್ಲಿ ಅಪ್ಪ ಕಟ್ಟು ಹಾಕಿಸಿಟ್ಟ ಸಂಚಿಕೆಗಳಿದ್ದವು. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಸುತ್ತ ಸ್ಮಶಾನ. ಆ ಚಿತ್ರ ನೋಡಿದ ರಾತ್ರಿ ಹಿತ್ತಿಲಿಗೆ ಒಬ್ಬನೇ ಹೋಗಲು ಧೈರ್ಯವಿರಲಿಲ್ಲ. ಆದರೂ ಕಥೆಯ ಶಬ್ದ ಶಬ್ದವೂ ನೆನಪಿನಲ್ಲಿರುತ್ತಿತ್ತು. ಬೇಸಿಗೆ ರಜೆಗೆ ಬಂದ ದೊಡ್ಡಪ್ಪನ ಮಗ ಮಹಡಿಯ ಮೇಲೆ ನಮ್ಮನ್ನೆಲ್ಲ ಸುತ್ತ ಕೂರಿಸಿಕೊಂಡು ಬೇತಾಳನ ಕಥೆ ಹೇಳಿದರೆ, ನಾನು ನಡುನಡುವೆ ‘ಇಲ್ಲ, ಅವಳು ಮಂತ್ರಿಯ ಮಗಳು, ವರ್ತಕನ ಮಗಳಲ್ಲ’ ಎಂದು ತಿದ್ದುತ್ತಿದ್ದೆ. ಮೂರನೆಯ ತಿದ್ದುಪಡಿಗೆ ಅವನು ನನ್ನ ತಲೆಗೆ ಮೊಟಕಿದ. ಮೂಲಕೃತಿಯ ಪರವಾಗಿ ನಾನು ತಿಂದ ಮೊದಲ ಪೆಟ್ಟು ಅದು.

ದೊಡ್ಡವನಾದ ಮೇಲೆ ಅವೆನ್ಯೂ ರಸ್ತೆಯ ಪಾದಚಾರಿ ಮಾರ್ಗದಲ್ಲಿ ಟೋಲ್ಕಿನ್ನರ ‘ದಿ ಟೂ ಟವರ್ಸ್’ ಸಿಕ್ಕಿತು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಉಂಗುರದ ಮಹಾಕಥೆ 1954ರಿಂದ 1955ರೊಳಗೆ ಮೂರು ಸಂಪುಟಗಳಲ್ಲಿ ಬಂದದ್ದೆಂದೂ ಇದು ನಡುವಿನ ಸಂಪುಟವೆಂದೂ ನನಗೆ ತಿಳಿದಿರಲಿಲ್ಲ. ರಟ್ಟು ಚೆನ್ನಾಗಿತ್ತು, ಬೆಲೆ ಕಡಿಮೆಯಿತ್ತು. ಮೊದಲ ಅಧ್ಯಾಯದಲ್ಲೇ ಬೊರೊಮಿರ್ ಎಂಬ ವೀರ ಮೈತುಂಬ ಬಾಣ ನೆಡಿಸಿಕೊಂಡು ಮರಕ್ಕೊರಗಿ ಪ್ರಾಣ ಬಿಡುತ್ತಾನೆ. ಇವನು ಯಾರು, ಏಕೆ ಸತ್ತ, ಅಳುತ್ತಿರುವವನು ಇವನಿಗೆ ಏನಾಗಬೇಕು, ಒಂದೂ ಗೊತ್ತಿಲ್ಲ. ಗುರುತಿಲ್ಲದವರ ಮನೆಯ ಸಾವಿಗೆ ಹೋಗಿ ಚಾಪೆಯ ಮೇಲೆ ಕೂತಂತಾಯಿತು. ಕೊನೆಯ ಪುಟಗಳಲ್ಲಿ ಕೊಠಡಿಯಷ್ಟು ದೊಡ್ಡ ಒಂದು ಹೆಣ್ಣು ಜೇಡ ಬಂದು ಕಥಾನಾಯಕನನ್ನು ಕಚ್ಚುತ್ತದೆ, ಶತ್ರುಗಳು ಅವನನ್ನು ಹೊತ್ತೊಯ್ಯುತ್ತಾರೆ, ಪುಸ್ತಕ ಮುಗಿಯುತ್ತದೆ. ಹಾಗೆ ತಲೆಯೂ ಬಾಲವೂ ಇಲ್ಲದ ನಡುತುಂಡೊಂದನ್ನು ಎರಡು ಸಲ ಓದಿ ನಾನು ಟೋಲ್ಕಿನ್ ಪಂಡಿತನಾದೆ.

ಆ ಉಂಗುರದ ಕಥೆಯನ್ನು ಪೀಟರ್ ಜಾಕ್ಸನ್ ಮೂರು ಚಿತ್ರ ಮಾಡಿದರು. ಮೊದಲನೆಯದು ಬಂದಾಗ ನಮಗೆ ಮದುವೆಯಾದ ಹೊಸತು. ನನ್ನ ವಿದ್ವತ್ತಿಗೆ ಒಬ್ಬ ಕೇಳುಗಳು ಸಿಕ್ಕಿದ್ದ ಕಾಲ.

“ಆ ಗಡ್ಡದವನು ಪಾಪ, ಒಳ್ಳೆಯವನಂತೆ ಕಾಣುತ್ತಾನೆ” ಎಂದಳು.

“ಸಾಯುತ್ತಾನೆ. ಆದರೆ ಈ ಭಾಗದಲ್ಲಲ್ಲ, ಎರಡನೆಯದರ ಆರಂಭದಲ್ಲಿ. ನೀನು ನೆಮ್ಮದಿಯಾಗಿ ನೋಡು.”

ಚಿತ್ರ ಮುಗಿಯಲು ಸ್ವಲ್ಪ ಹೊತ್ತಿರುವಾಗ ಬೊರೊಮಿರ್‌ಗೆ ಬಾಣ ಬಿತ್ತು. ಇನ್ನೊಂದು ಬಿತ್ತು. ಮರಕ್ಕೊರಗಿದ. ಹೆಂಡತಿ ಒದ್ದೆ ಕಣ್ಣಿನಲ್ಲಿ ನನ್ನತ್ತ ತಿರುಗಿದಳು. ನಮ್ಮ ದಾಂಪತ್ಯದಲ್ಲಿ ಆ ವಾಕ್ಯ ಮೊದಲು ಕೇಳಿಬಂದದ್ದು ಆಗ: “ಪುಸ್ತಕದಲ್ಲಿ ಹೀಗಿಲ್ಲ.”

ಎರಡನೆಯ ಚಿತ್ರ ಬಂತು. ಇದಂತೂ ನನ್ನದೇ ಸಂಪುಟ. ಹೆಂಡತಿಗೆ ಜೇಡವೆಂದರೆ ಪ್ರಾಣಭಯ. ಸ್ನಾನದ ಮನೆಯಲ್ಲಿ ಒಂದು ಕಂಡರೆ ಮೂರು ದಿನ ನಾನೇ ಮೊದಲು ಹೋಗಿ ತಪಾಸಣೆ ನಡೆಸಬೇಕು. ಆದ್ದರಿಂದ ಮುಂಚೆಯೇ ಹೇಳಿದ್ದೆ: ಇದರಲ್ಲಿ ಜೇಡ ಬರುತ್ತದೆ, ಹೆದರಬೇಡ, ಬರುವ ಮುಂಚೆ ಸೂಚನೆ ಕೊಡುತ್ತೇನೆ, ಕಣ್ಣು ಮುಚ್ಚಿಕೋ. ಪರದೆಯ ಮೇಲೆ ಕತ್ತಲೆ ಕವಿದಾಗಲೆಲ್ಲ “ಈಗ ಬರಬಹುದು” ಎಂದೆ. ಅವಳು ಕಣ್ಣು ಮುಚ್ಚಿದಳು. ಗುಹೆ ಕಂಡಿತು, ಮುಚ್ಚಿದಳು. ಪೊದೆ ಅಲ್ಲಾಡಿತು, ಮುಚ್ಚಿದಳು. ಸುಮಾರು ಮೂರು ಗಂಟೆಯ ಚಿತ್ರದಲ್ಲಿ ಅವಳು ನೋಡಿದ್ದು ಅರ್ಧ. ಜೇಡ ಬರಲೇ ಇಲ್ಲ. “ಕೈಬಿಟ್ಟಿದ್ದಾರೆ, ಖರ್ಚು ಜಾಸ್ತಿಯಾಗಿರಬೇಕು” ಎಂದು ನಾನು ಆಟೋದಲ್ಲಿ ತೀರ್ಪು ಕೊಟ್ಟೆ.

ಮೂರನೆಯ ಚಿತ್ರಕ್ಕೆ ಅವಳು ಹೆದರಿಕೆಯಿಲ್ಲದೆ ಬಂದಳು. ಕೋಡುಬಳೆಯ ಡಬ್ಬಿಯನ್ನೂ ತಂದಿದ್ದಳು. ಉಂಗುರದ ಸಿನಿಮಾಕ್ಕೆ ಅದಕ್ಕಿಂತ ತಕ್ಕ ತಿಂಡಿ ಯಾವುದಿದೆ? ಆಗಿನ್ನೂ ನಮ್ಮ ಕಡೆಯ ಹಳೆಯ ಚಿತ್ರಮಂದಿರಗಳಲ್ಲಿ ಬಾಗಿಲಲ್ಲಿ ಚೀಲ ತಡಕುತ್ತಿರಲಿಲ್ಲ. ನಾಯಕ ಒಂದು ಸುರಂಗಕ್ಕೆ ನುಗ್ಗಿದ. ಗೋಡೆಯ ತುಂಬ ಬಲೆ. “ಇದೇನು ಬೂಷ್ಟೇ?” ಎಂದಳು. “ಇರಬೇಕು” ಎಂದೆ. ಎರಡನೆಯ ಚಿತ್ರದಲ್ಲಿ ಬರದಿದ್ದ ಜೇಡ, ಕಟ್ಟಿಟ್ಟ ಬಡ್ಡಿಯ ಸಮೇತ, ತಲೆಯ ಮೇಲಿನಿಂದ ಇಳಿಯಿತು. ಅವಳು ಕಿರುಚಿದ ಕಿರುಚಿಗೆ ಡಬ್ಬಿ ಮೇಲಕ್ಕೆ ಹಾರಿತು, ಕೋಡುಬಳೆಗಳು ನಾಲ್ಕೂ ದಿಕ್ಕಿಗೆ ಹೋದವು. ಒಂದು ಮುಂದಿನ ಸಾಲಿನ ಹಿರಿಯರ ಅಂಗಿಯ ಕಾಲರಿನೊಳಗೆ ಇಳಿಯಿತು. ಅವರೂ ಜೇಡವೆಂದೇ ಭಾವಿಸಿದರು. ಮುಂದಿನದನ್ನು ವಿವರಿಸಲಾರೆ. ನಾನು ಓದಿದ ಏಕೈಕ ಸಂಪುಟದ ತಲೆಯನ್ನು ಮೊದಲ ಚಿತ್ರಕ್ಕೂ ಬಾಲವನ್ನು ಮೂರನೆಯ ಚಿತ್ರಕ್ಕೂ ಹಂಚಿಬಿಟ್ಟಿದ್ದರು. ಮೂರೂ ಸಂಪುಟಗಳನ್ನು ಓದಿದ್ದರೆ ಮೋಸ ಹೋಗುತ್ತಿರಲಿಲ್ಲ, ಒಂದನ್ನೂ ಓದದಿದ್ದರೂ ಹೋಗುತ್ತಿರಲಿಲ್ಲ. ಅದೇ ಚಿತ್ರಕ್ಕೆ 11 ಆಸ್ಕರ್ ಬಂದಾಗ ನಮ್ಮ ಮನೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅದೇ ಲೇಖಕರ ‘ದಿ ಹಾಬಿಟ್’ 1937ರ ಒಂದೇ ಒಂದು ಮಕ್ಕಳ ಪುಸ್ತಕ. ಅದರಿಂದ 2012ರಿಂದ 2014ರವರೆಗೆ ಮೂರು ಚಿತ್ರ ತೆಗೆದರು. ಒಂದು ಲೋಟ ಹಿಟ್ಟಿಗೆ ನೀರು ಬೆರೆಸಿ ಮೂರು ಊರಿಗೆ ದೋಸೆ ಹುಯ್ದಂತೆ. ಹೆಚ್ಚು ಹೇಳುವುದಿಲ್ಲ, ಜೇಬಿನಲ್ಲಿ ಚಿಲ್ಲರೆ ಇಲ್ಲ.

ಸೂಪರ್‌ಹೀರೋಗಳ ವಿಷಯದಲ್ಲಿ ನನ್ನ ರುಚಿ ಸ್ವಲ್ಪ ವಕ್ರ. 1962ರಲ್ಲಿ ಸ್ಟ್ಯಾನ್ ಲೀ, ಸ್ಟೀವ್ ಡಿಟ್ಕೋ ಸೃಷ್ಟಿಸಿದ ಸ್ಪೈಡರ್‌ಮ್ಯಾನ್ ಬಲೆ ಎಸೆಯುವ ಯಂತ್ರವನ್ನು ತಾನೇ ತಯಾರಿಸಿ ಮಣಿಕಟ್ಟಿಗೆ ಕಟ್ಟಿಕೊಳ್ಳುತ್ತಾನೆ. 2002ರ ಚಿತ್ರದಲ್ಲಿ ಬಲೆ ಅವನ ಮಣಿಕಟ್ಟಿನಿಂದಲೇ ಹೊರಡುತ್ತದೆ. 2012ರಲ್ಲಿ ಮತ್ತೆ ಯಂತ್ರ ಬಂತು. ಕಚೇರಿಯ ಕ್ಯಾಂಟೀನಿನಲ್ಲಿ ನನ್ನ ಸಹೋದ್ಯೋಗಿಯೊಬ್ಬರು ಯಂತ್ರದ ಕಡೆ. ಹುಡುಗ ಬುದ್ಧಿವಂತ ಎಂಬುದೇ ಕಥೆಯ ಜೀವಾಳ ಎನ್ನುತ್ತಾರೆ. ನಾನು ಈ ಒಂದು ವಿಷಯದಲ್ಲಿ ಮೂಲದ ವಿರೋಧಿ. ಬಾಡಿಗೆಗೆ ಪರದಾಡುವ ಹುಡುಗನಿಗೆ ಅಷ್ಟೊಂದು ರಾಸಾಯನಿಕ ಯಾರು ಉದ್ರಿ ಕೊಡುತ್ತಾರೆ? ನಿಜವಾದ ಜೇಡಕ್ಕೆ ನೂಲು ಬರುವುದು ಹೊಟ್ಟೆಯ ಹಿಂತುದಿಯಿಂದ. ಪ್ರಕೃತಿಗೆ ಅಷ್ಟು ನಿಷ್ಠರಾಗದೆ ಮಣಿಕಟ್ಟಿಗೆ ನಿಲ್ಲಿಸಿದ್ದೇ ಚಿತ್ರದವರ ಸಭ್ಯತೆ ಎಂದು ವಾದಿಸಿದೆ. ವಾದದ ಬಿಸಿಯಲ್ಲಿ ನಡುವಿನ ಎರಡು ಬೆರಳು ಮಡಚಿ, ತೋರುಬೆರಳು ಕಿರುಬೆರಳು ಚಾಚಿ, “ಹೀಗೆ ಸಹಜವಾಗಿ ಬರಬೇಕು” ಎಂದು ಮಾಡಿಯೂ ತೋರಿಸಿದೆ. ಆ ಕೈಯಲ್ಲಿ ಸಾಂಬಾರಿನ ಚಮಚ ಇದ್ದದ್ದು ಮರೆತಿತ್ತು. ಅವರ ಬಿಳಿ ಅಂಗಿಯ ಮೇಲೆ ಸಾಂಬಾರು ನಿಜಕ್ಕೂ ಸಹಜವಾಗಿಯೇ ಹೋಗಿ ಕೂತಿತು.

ಹಲ್ಕ್ ಎಂಬ ಹಸಿರು ದೈತ್ಯನ ಮೇಲೆ ಮಾತ್ರ ನನಗೆ ಬಂಧುಪ್ರೀತಿ. 1962ರ ಮೊದಲ ಸಂಚಿಕೆಯಲ್ಲಿ ಅವನ ಬಣ್ಣ ಬೂದು. ಅಚ್ಚಿನಲ್ಲಿ ಆ ಬೂದು ಪುಟಕ್ಕೊಂದು ಥರ ಬಂದು, ಎರಡನೆಯ ಸಂಚಿಕೆಯಿಂದ ಹಸಿರು ಹಚ್ಚಿದರು. ನಮ್ಮ ಮದುವೆಯ ಕರೆಯೋಲೆಯಲ್ಲೂ ಹೀಗೇ ಗಣಪತಿಯ ಕಾಲ ಬಳಿಯ ಇಲಿ ಹಸಿರಾಗಿ ಬಂದು, ಸೋದರಮಾವ ಕನ್ನಡಕ ಏರಿಸಿ, “ಗಣಪತಿಗೆ ಕಪ್ಪೆ ಯಾವಾಗ ವಾಹನವಾಯಿತೋ?” ಎಂದು ಕೇಳಿದ್ದರು.

ಹುಂಡಿ ಹುಟ್ಟಿದ್ದು 2019ರಲ್ಲಿ, ‘ಅವೆಂಜರ್ಸ್: ಎಂಡ್‌ಗೇಮ್’ ನೋಡಿದ ರಾತ್ರಿ. ಅದು ಮೂರು ಗಂಟೆ ಒಂದು ನಿಮಿಷದ ಚಿತ್ರ. 2008ರ ‘ಐರನ್ ಮ್ಯಾನ್’ ಕಾಲದಿಂದ ಈ ಸೂಪರ್‌ಹೀರೋ ಸರಣಿಯ ಚಿತ್ರಗಳಲ್ಲಿ ಹೆಸರುಗಳ ಪಟ್ಟಿಯೆಲ್ಲ ಮುಗಿದ ಮೇಲೆ ಒಂದು ಪುಟ್ಟ ದೃಶ್ಯ ಇಡುವ ರೂಢಿ. ತಿಳಿಯದವರು ಎದ್ದು ಹೋಗುತ್ತಾರೆ, ತಿಳಿದವರು ಕೂತಿರುತ್ತಾರೆ. ನಾವು ತಿಳಿದವರು. ಮಧ್ಯಂತರದಲ್ಲಿ ಒಂದು ಬಾಟಲಿ ನೀರು ಕುಡಿದಿದ್ದ ಹೆಂಡತಿ ಏಳಲು ಹೋದರೆ ಕೈ ಹಿಡಿದು ಕೂರಿಸಿದೆ. “ಮುಖ್ಯವಾದದ್ದು ಈಗ ಬರುತ್ತದೆ.” ಹೆಸರುಗಳು ಬಂದವು. ಕಂಪ್ಯೂಟರಿನಲ್ಲಿ ಕೂದಲು ಬಿಡಿಸಿದವರು, ಊಟ ಬಡಿಸಿದವರು, ಗಾಡಿ ಓಡಿಸಿದವರು, ಎಲ್ಲರೂ ಬಂದರು. ಪೊರಕೆ ಹಿಡಿದ ಇಬ್ಬರು ಬಾಗಿಲಲ್ಲಿ ನಿಂತು ನಮ್ಮನ್ನು ನೋಡಿದರು. ಕೊನೆಗೆ ಪರದೆ ಕಪ್ಪಾಗಿ, ಎಲ್ಲಿಂದಲೋ ಠಣ್, ಠಣ್ ಎಂದು ಕಬ್ಬಿಣ ಬಡಿಯುವ ಸದ್ದು ಬಂತು.

“ಮೇಲಿನ ಅಂತಸ್ತಿನಲ್ಲಿ ಕೆಲಸ ನಡೆಯುತ್ತಿದೆಯೇ?” ಎಂದು ನಾನು ಪೊರಕೆಯವರನ್ನು ಕೇಳಿದೆ.

ಅವರು ದೀಪ ಹಾಕಿದರು. ಅಷ್ಟೇ. ದೃಶ್ಯವೇ ಇರಲಿಲ್ಲ. ಆ ಸದ್ದು ಸರಣಿಯ ಮೊದಲ ಚಿತ್ರ ‘ಐರನ್ ಮ್ಯಾನ್’ನಲ್ಲಿ ನಾಯಕ ಗುಹೆಯೊಳಗೆ ತನ್ನ ಮೊದಲ ಕವಚವನ್ನು ಬಡಿದು ಮಾಡಿದ ಸದ್ದು, ಅವನಿಗೆ ಸಲ್ಲಿಸಿದ ಗೌರವ ಎಂದು ಮಗಳು ಮಾರನೆಯ ದಿನ ಶಾಲೆಯಿಂದ ತಿಳಿದುಕೊಂಡು ಬಂದಳು. ಆ ರಾತ್ರಿ ಮಾತ್ರ ಹೆಂಡತಿ ಮಹಿಳೆಯರ ಶೌಚಾಲಯದ ಕಡೆಗೆ ಓಡಿದ ವೇಗ ಕಂಡು ನಾನು, “ಕಾಮಿಕ್ಸಿನಲ್ಲಿ ಕೊನೆ ಹೀಗಿಲ್ಲ” ಎಂದು ಸಮಾಧಾನದ ಮಾತು ಆಡಿದ್ದೇ ತಪ್ಪಾಯಿತು. ಮನೆಗೆ ಬಂದ ಮಗಳು ನೇರವಾಗಿ ಅಡುಗೆಮನೆಗೆ ಹೋಗಿ ಹಾರ್ಲಿಕ್ಸ್ ಬಾಟಲಿ ತೊಳೆದಳು.

ಇಷ್ಟರ ನಡುವೆಯೂ ನನ್ನ ಸಿದ್ಧಾಂತ ಅಲುಗಿರಲಿಲ್ಲ. ಅಲುಗಿಸಿದವರು ಅತ್ತೆ. ಅವರು ತುಮಕೂರು ಕಡೆಯ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಒಂದು ಭಾನುವಾರ ಟಿವಿಯಲ್ಲಿ 1957ರ ‘ಮಾಯಾಬಜಾರ್’ ಬರುತ್ತಿತ್ತು. ನಮ್ಮ ಚಿಂತಾಮಣಿಯವರಿಗೆ ತೆಲುಗು ಚಿತ್ರವೂ ಮನೆಯ ಚಿತ್ರವೇ. ಎಸ್.ವಿ. ರಂಗರಾವ್ ಘಟೋತ್ಕಚನಾಗಿ ಹಬ್ಬದಡುಗೆಯ ಮುಂದೆ ಕೂತಿದ್ದರು. ನಾನು ಕಾಲು ಚಾಚಿ, “ನೋಡು ಮಗಳೇ, ಪುರಾಣದ ಚಿತ್ರವೆಂದರೆ ಹೀಗೆ ತೆಗೆಯಬೇಕು. ಮೂಲಕ್ಕೆ ಒಂದು ಕೂದಲಿನಷ್ಟೂ ಚ್ಯುತಿಯಿಲ್ಲ” ಎಂದೆ.

ಅತ್ತೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. “ಯಾವ ಮೂಲ ಅಳಿಯಂದಿರೇ?”

“ಮಹಾಭಾರತ.”

“ವ್ಯಾಸರ ಭಾರತದಲ್ಲಿ ಶಶಿರೇಖೆ ಎಲ್ಲಿದ್ದಾಳೆ? ಅಭಿಮನ್ಯುವಿಗೆ ಬಲರಾಮನ ಮಗಳನ್ನು ತಂದುಕೊಂಡದ್ದು ಜನರ ಬಾಯಿಯ ಕಥೆ. ಇನ್ನೊಂದು ಮಾತು. ಇಷ್ಟು ಹೊತ್ತಿನಿಂದ ನೋಡುತ್ತಿದ್ದೀರಿ, ಪಾಂಡವರಲ್ಲಿ ಒಬ್ಬನಾದರೂ ಪರದೆಯ ಮೇಲೆ ಬಂದನೇ?”

ಬಂದಿರಲಿಲ್ಲ. ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ಈ ಐದು ಜನ ಗೈರುಹಾಜರಾಗಿದ್ದಾರೆಂಬುದೇ ನನ್ನ ಗಮನಕ್ಕೆ ಬಂದಿರಲಿಲ್ಲ. ಮಗಳು ಸದ್ದಿಲ್ಲದೆ ಟಿವಿಯ ಪಕ್ಕದಿಂದ ಬಾಟಲಿ ತೆಗೆದು ನನ್ನ ಮುಂದಿಟ್ಟಳು.

“ಪಂಪ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಕೊಟ್ಟು ಮದುವೆ ಮಾಡಿದ” ಎಂದು ಅತ್ತೆ ಮುಂದುವರಿಸಿದರು. ಹುರುಳಿಕಾಯಿ ಮುರಿಯುವ ಸದ್ದು ನನಗೆ ಬೆತ್ತದ ಸದ್ದಿನಂತೆ ಕೇಳಿಸುತ್ತಿತ್ತು. “ಕೊನೆಗೆ ಪಟ್ಟವನ್ನೂ ಧರ್ಮರಾಯನಿಗೆ ಕಟ್ಟದೆ ಅರ್ಜುನನಿಗೆ ಕಟ್ಟಿದ. ನೀವು ಹತ್ತನೆಯ ಶತಮಾನದಲ್ಲಿ ಇದ್ದಿದ್ದರೆ ಅರಿಕೇಸರಿಯ ಆಸ್ಥಾನದಲ್ಲಿ ಎದ್ದು ನಿಂತು ಪುಸ್ತಕದಲ್ಲಿ ಹೀಗಿಲ್ಲ ಎನ್ನುತ್ತಿದ್ದಿರೇನು?”

“ಅದು ಬೇರೆ ಅತ್ತೆ. ಅರಿಕೇಸರಿ ಅನ್ನ ಹಾಕಿದ ರಾಜ. ಅಂದರೆ ನಿರ್ಮಾಪಕ. ನಿರ್ಮಾಪಕರನ್ನೇ ನಾಯಕನನ್ನಾಗಿ ಮಾಡಬೇಕಾದ ಒತ್ತಡ ಇರುತ್ತದೆ.”

“ಹಾಲಿವುಡ್ಡಿನಲ್ಲಿ ನಿರ್ಮಾಪಕರಿಲ್ಲದೆ ತೆಗೆಯುತ್ತಾರೆಯೇ?”

ನಾನು ದಿಕ್ಕು ಬದಲಿಸಿದೆ. ಬದಲಾವಣೆಯಾದರೂ ಸರಿ, ಒಂದೇ ಕಥೆಯನ್ನು ಎಷ್ಟು ಸಲ ಹೇಳುವುದು? ಸ್ಪೈಡರ್‌ಮ್ಯಾನನ ದೊಡ್ಡಪ್ಪ 2002ರಲ್ಲಿ ಸತ್ತರು, 2012ರಲ್ಲಿ ಮತ್ತೊಮ್ಮೆ ಸತ್ತರು, ಎಂದೆ. ಅದಕ್ಕೂ ಅವರ ಬಳಿ ಕುಮಾರವ್ಯಾಸನಿದ್ದ. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷ ತಿಣುಕುತ್ತಿದ್ದಾನೆ, ಕಾಲಿಡಲು ಜಾಗವಿಲ್ಲ ಎಂದು ಆತ ಆಗಲೇ ಹೇಳಿ, ಭಾರತದ ಕಡೆ ಹೊರಳಿದನಂತೆ. “ಆಮೇಲೂ ರಾಮಾಯಣ ಬರೆಯುವವರು ನಿಲ್ಲಿಸಲಿಲ್ಲ” ಎಂದರು.

ಕೊನೆಯ ಆಸರೆಯಾಗಿ ‘ಚಂದಮಾಮ’ ನೆನಪಾಯಿತು. ಅದಾದರೂ ಅಪ್ಪಟ. ಅತ್ತೆ ನಕ್ಕರು. ಬೇತಾಳ ಮೂಲದಲ್ಲಿ ಹೇಳಿದ್ದು ಇಪ್ಪತ್ತೈದೇ ಕಥೆ; ‘ಚಂದಮಾಮ’ದ ಬೇತಾಳ ದಶಕಗಟ್ಟಲೆ ತಿಂಗಳು ತಪ್ಪದೆ ಹೇಳುತ್ತಲೇ ಇದ್ದ. ಹಾಗಾದರೆ ದೊಡ್ಡಪ್ಪನ ಮಗನನ್ನು ನಾನು ತಿದ್ದಿದ್ದು ಯಾವ ಆಧಾರದ ಮೇಲೆ? ಸಾಲದೆಂಬಂತೆ, ಆ ಪತ್ರಿಕೆಯನ್ನು ನಡೆಸಿದವರೂ ಈ ಚಿತ್ರವನ್ನು ತೆಗೆದವರೂ ಅದೇ ನಾಗಿರೆಡ್ಡಿ, ಚಕ್ರಪಾಣಿಯವರು. ಬಾಲ್ಯದಿಂದ ನನ್ನನ್ನು ಯಾಮಾರಿಸಿದವರೆಲ್ಲ ಒಂದೇ ಮನೆಯವರು.

ಅಷ್ಟರಲ್ಲಿ ಘಟೋತ್ಕಚನ ಮುಂದಿನ ತಟ್ಟೆಯಿಂದ ಲಾಡುಗಳು ತಾವಾಗಿ ಎದ್ದು ಅವನ ಬಾಯಿಗೆ ಹಾರತೊಡಗಿದವು. ಅತ್ತೆ ಹುರುಳಿಕಾಯಿ ಬದಿಗಿಟ್ಟು, “ಸದ್ದು ಸ್ವಲ್ಪ ಜಾಸ್ತಿ ಮಾಡೇ” ಎಂದರು. ನಾನು ಜೇಬು ತಡಕಿದೆ. ಐದರ ನಾಣ್ಯ ಇರಲಿಲ್ಲ. ಇದ್ದದ್ದು ಬೀದಿಕೊನೆಯ ಅಂಗಡಿಯವರು ಬೇಡವೆಂದು ವಾಪಸು ಕೊಟ್ಟಿದ್ದ ಹತ್ತರ ನಾಣ್ಯ. ಅದನ್ನೇ ಹಾಕಿ ಚಿಲ್ಲರೆ ಕೇಳಿದೆ. ಮಗಳು ಮುಚ್ಚಳ ಬಿಗಿ ಮಾಡುತ್ತ, “ಉಳಿದದ್ದು ಮುಂಗಡ ಅಪ್ಪಾ, ಇನ್ನೊಂದು ಸಲ ಹೇಳಬಹುದು” ಎಂದಳು.

ಲಾಡು ಮುಗಿಯುವವರೆಗೂ ಆ ಮುಂಗಡ ಉಳಿಯಲಿಲ್ಲ.